ಸಿಹಿಗೊಂದು ಜೊತೆ ಬೇಕು



ಡೋನಟ್ ಎಂದರೆ ನನಗೆ ಇಷ್ಟ. ಕೇಕು, ಪೇಸ್ಟ್ರಿಗಳೂ ಅಷ್ಟೇ ಇಷ್ಟ. ಇವತ್ತು ನನ್ನ ಮಾತಿನಲ್ಲಿ ದೂರು ಕೇಳಿಸಿದರೆ ಅದು ಆ ಇಷ್ಟದಿಂದಲೇ ಬಂದದ್ದು. ಬೆಂಗಳೂರಿನ ಯಾವ ಮಾಲ್‌ಗೆ ಹೋದರೂ ಈಗ ಗಾಜಿನ ಕಪಾಟಿನಲ್ಲಿ ಡೋನಟ್‌ಗಳ ಸಾಲು ಕಾಣುತ್ತದೆ. ಗುಲಾಬಿ ಬಣ್ಣದ ಲೇಪ, ಲೇಪದ ಮೇಲೆ ಚಾಕೊಲೇಟಿನ ಗೆರೆ, ಗೆರೆಯ ಮೇಲೆ ಬಣ್ಣಬಣ್ಣದ ಸಕ್ಕರೆ ಕಾಳು, ಅದರ ಮೇಲೊಂದು ಕ್ರೀಮ್ ಬಿಸ್ಕತ್ತು, ಒಳಗೆ ಕ್ಯಾರಮೆಲ್. ಪಕ್ಕದ ಕಪಾಟಿನಲ್ಲಿ ಮೂರು ಬಣ್ಣದ ಕ್ರೀಮು ಹೊತ್ತ ಪೇಸ್ಟ್ರಿಗಳು. ಕಣ್ಣಿಗೆ ಹಬ್ಬ, ನಿಜ. ಬಾಯಿಗಿಟ್ಟರೆ ಮೊದಲ ತುತ್ತಿನಿಂದ ಕೊನೆಯವರೆಗೂ ಒಂದೇ ರುಚಿ. ಅರ್ಧ ತಿನ್ನುವಷ್ಟರಲ್ಲಿ ಮುಖ ಹೊಡೆದುಹೋಗುತ್ತದೆ. ತಿಂದ ಮೇಲೆ ಏನು ತಿಂದೆವು ಎಂದು ಯಾರಾದರೂ ಕೇಳಿದರೆ ಬಣ್ಣ ಹೇಳಬಹುದು, ರುಚಿ ಹೇಳಲು ಬರುವುದಿಲ್ಲ.

ಒಳ್ಳೆಯ ಡೋನಟ್ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೈದಾ, ಹಾಲು, ಯೀಸ್ಟ್, ಒಂದಿಷ್ಟು ಬೆಣ್ಣೆ, ಮೊಟ್ಟೆ, ಚಿಟಿಕೆ ಉಪ್ಪು, ಸ್ವಲ್ಪವೇ ಸಕ್ಕರೆ. ಹಿಟ್ಟು ಚೆನ್ನಾಗಿ ನಾದಿ, ಹುದುಗು ಬಂದು ಎರಡರಷ್ಟು ಉಬ್ಬುವವರೆಗೆ ಬಿಡಬೇಕು. ಬಳೆಯ ಆಕಾರಕ್ಕೆ ಕತ್ತರಿಸಿ ಇನ್ನೊಮ್ಮೆ ಉಬ್ಬಿಸಬೇಕು. ಆಮೇಲೆ ಸುಮಾರು 180 ಡಿಗ್ರಿಗೆ ಕಾದ ಎಣ್ಣೆಗೆ ಬಿಡಬೇಕು. ಸರಿಯಾಗಿ ಉಬ್ಬಿದ ಹಿಟ್ಟು ಎಣ್ಣೆಯಲ್ಲಿ ಮುಳುಗದೆ ಅರ್ಧ ಮೇಲೇ ತೇಲುತ್ತದೆ. ಒಂದು ಮಗ್ಗುಲು ಕೆಂಪಾದ ಮೇಲೆ ಮಗುಚಿದರೆ ಇನ್ನೊಂದು ಮಗ್ಗುಲು ಕೆಂಪಾಗುತ್ತದೆ. ಎರಡರ ನಡುವೆ ಸೊಂಟದ ಸುತ್ತ ಎಣ್ಣೆ ಹೆಚ್ಚು ಮುಟ್ಟದ ಒಂದು ಬಿಳಿ ಪಟ್ಟಿ ಉಳಿಯುತ್ತದೆ. ಆ ಬಿಳಿ ಪಟ್ಟಿಯೇ ಒಳ್ಳೆಯ ಡೋನಟ್‌ನ ಗುರುತು. ಹಿಟ್ಟು ಹಗುರಾಗಿದೆ, ಚೆನ್ನಾಗಿ ಹುದುಗಿದೆ, ಎಣ್ಣೆ ಕುಡಿದಿಲ್ಲ ಎಂದು ಅದು ಹೇಳುತ್ತದೆ. ಬಿಸಿ ಆರುವ ಮೊದಲೇ ಪುಡಿಸಕ್ಕರೆ ಮತ್ತು ಹಾಲು ಕಲಸಿದ ತೆಳು ಪಾಕದಲ್ಲಿ ಅದ್ದಿ ತೆಗೆದರೆ ಮೈಮೇಲೆ ಗಾಜಿನಂಥ ಒಂದು ಪೊರೆ ಕಟ್ಟುತ್ತದೆ. ಕಚ್ಚಿದಾಗ ಪೊರೆ ಚಿಟಿಲೆಂದು ಒಡೆಯಬೇಕು, ಕೆಳಗಿನ ಹಿಟ್ಟು ಎಳೆಎಳೆಯಾಗಿ ಬರಬೇಕು, ಯೀಸ್ಟಿನ ನವಿರಾದ ಹುಳಿವಾಸನೆ ಮೂಗಿಗೆ ತಾಗಬೇಕು. ಇಷ್ಟೇ ಅದರ ಸೊಗಸು. ಗುಲಾಬಿ ಲೇಪ ಬಳಿದರೆ ಮೊದಲು ಮುಚ್ಚಿಹೋಗುವುದು ಆ ಬಿಳಿ ಪಟ್ಟಿ.

ಹಿಟ್ಟಿನೊಳಗೆ ಸಕ್ಕರೆ ಕಡಿಮೆ ಯಾಕೆ ಎಂದರೆ ಅದಕ್ಕೆ ಕಾರಣವಿದೆ. ಸಕ್ಕರೆ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಟ್ಟಿನಲ್ಲಿ ಅದು ಜಾಸ್ತಿಯಾದರೆ ಯೀಸ್ಟಿಗೆ ನೀರು ಸಾಲದೆ ಉಬ್ಬುವ ಕೆಲಸ ನಿಧಾನವಾಗುತ್ತದೆ. ಎಣ್ಣೆಗೆ ಬಿಟ್ಟಾಗ ಸಕ್ಕರೆ ಬೇಗ ಕಂದಿ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಹಾಗಾಗಿ ಡೋನಟ್ ಮಾಡುವವರು ಹಿಟ್ಟನ್ನು ಸಪ್ಪಗಿಟ್ಟು ಸಿಹಿಯನ್ನು ಹೊರಮೈಗೆ ತಂದರು. ಒಳಗಿನ ಸಪ್ಪೆ, ಹೊರಗಿನ ಸಿಹಿ, ಎರಡನ್ನೂ ಒಟ್ಟಿಗೆ ಕಚ್ಚಬೇಕೆಂಬುದು ಅದರ ಲೆಕ್ಕ. ಹೊರಗಿನ ಸಿಹಿ ಮೂರು ಪದರಕ್ಕೆ ಏರಿದರೆ ಆ ಲೆಕ್ಕ ತಪ್ಪುತ್ತದೆ.

ಈ ತಿನಿಸು ಅಮೆರಿಕಕ್ಕೆ ಹೋದದ್ದು ಡಚ್ಚರ ಜೊತೆ. ನ್ಯೂಯಾರ್ಕಿನ ಡಚ್ ವಲಸಿಗರು ಹಂದಿಯ ಕೊಬ್ಬಿನಲ್ಲಿ ಕರಿಯುತ್ತಿದ್ದ ಸಿಹಿಹಿಟ್ಟಿನ ಉಂಡೆಗಳ ಬಗ್ಗೆ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1809ರಲ್ಲೇ ಬರೆದಿದ್ದಾನೆ. ಆಗ ಅದು ಉಂಡೆ, ತೂತು ಇರಲಿಲ್ಲ. ಉಂಡೆಯ ತೊಂದರೆ ಏನೆಂದರೆ ಹೊರಗೆ ಕೆಂಪಾದರೂ ನಡುವೆ ಹಸಿಯಾಗಿಯೇ ಉಳಿಯುತ್ತದೆ. ಮೇನ್ ರಾಜ್ಯದ ಹ್ಯಾನ್ಸನ್ ಗ್ರೆಗರಿ ಎಂಬ ನಾವಿಕ 1847ರಲ್ಲಿ ಹಡಗಿನ ಮೇಲೆ, ಹಿಟ್ಟಿನ ನಡುವಿನ ಭಾಗವನ್ನೇ ತೆಗೆದುಹಾಕಿದೆ ಎಂದು ಮುಪ್ಪಿನಲ್ಲಿ ಹೇಳಿಕೊಂಡ. ತೂತು ಮಾಡಿದವನು ಇವನೊಬ್ಬನೇ ಇರಲಾರ. ಕರಿಯುವ ಕೆಲಸ ಗೊತ್ತಿರುವ ಯಾರಿಗಾದರೂ ಹೊಳೆಯುವ ಉಪಾಯ ಅದು. ನಮ್ಮ ಉದ್ದಿನ ವಡೆಗೆ ತೂತು ಬಂದದ್ದೂ ನಡು ಬೇಯಲೆಂದೇ.

ಡೋನಟ್‌ಗೆ ದೊಡ್ಡ ಹೆಸರು ಬಂದದ್ದು ಯುದ್ಧದಲ್ಲಿ. ಮೊದಲನೆಯ ಮಹಾಯುದ್ಧದ ಕಾಲ, 1917. ಫ್ರಾನ್ಸಿನ ಯುದ್ಧಭೂಮಿಯ ಹತ್ತಿರ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗೆ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಡೋನಟ್ ಕರಿದು ಕೊಡತೊಡಗಿದರು. ಹೆಲೆನ್ ಪರ್ವಿಯನ್ಸ್, ಮಾರ್ಗರೆಟ್ ಶೆಲ್ಡನ್ ಎಂಬಿಬ್ಬರ ಹೆಸರು ಅದರಲ್ಲಿ ಮುಖ್ಯ. ಮಳೆ, ಕೆಸರು, ಸಾಮಾನಿಗೆ ಬರ. ಸಿಕ್ಕಿದ ಹಿಟ್ಟು, ಕೊಬ್ಬು, ಸಕ್ಕರೆ, ಡಬ್ಬಿ ಹಾಲಿನಲ್ಲೇ ಮಾಡಬೇಕಿತ್ತು. ಒಂದು ಡೋನಟ್, ಒಂದು ಮಗ್ ಕಾಫಿ. ಅದರ ನೆನಪಿಗೆಂದು 1938ರಲ್ಲಿ ಷಿಕಾಗೋದಲ್ಲಿ ಶುರುವಾದ ಡೋನಟ್ ದಿನವನ್ನು ಅಮೆರಿಕದಲ್ಲಿ ಈಗಲೂ ಜೂನ್ ತಿಂಗಳ ಮೊದಲ ಶುಕ್ರವಾರ ಆಚರಿಸುತ್ತಾರೆ.

ಯುದ್ಧ ಮುಗಿದ ಮೇಲೆ, 1920ರ ಹೊತ್ತಿಗೆ, ರಷ್ಯಾದಿಂದ ವಲಸೆ ಬಂದ ಅಡಾಲ್ಫ್ ಲೆವಿಟ್ ನ್ಯೂಯಾರ್ಕಿನಲ್ಲಿ ಡೋನಟ್ ಯಂತ್ರ ಮಾಡಿದ. 1937ರಲ್ಲಿ ವಿನ್‌ಸ್ಟನ್-ಸೇಲಂನಲ್ಲಿ ಕ್ರಿಸ್ಪಿ ಕ್ರೀಮ್ ಶುರುವಾಯಿತು, 1950ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಡಂಕಿನ್ ಡೋನಟ್ಸ್. ಈ ಎರಡನೆಯ ಅಂಗಡಿಯ ಹೆಸರೇ ಅದ್ದಿ ತಿನ್ನುವುದರ ಮೇಲೆ ನಿಂತದ್ದು. ಅದ್ದುವುದು ಯಾವುದರಲ್ಲಿ? ಕಾಫಿಯಲ್ಲಿ. ಹಾಲಿಲ್ಲದ, ಸಕ್ಕರೆ ಹಾಕದ ಕಹಿ ಕಾಫಿ ಕುಡಿಯುವವರು ಅಲ್ಲಿ ಬಹಳ. ಗಾರೆ ಕೆಲಸದವನು, ಲಾರಿ ಓಡಿಸುವವನು, ರಾತ್ರಿ ಪಾಳಿ ಮುಗಿಸಿದ ನರ್ಸು ಬೆಳಗಿನ ಜಾವ ಕೌಂಟರಿನ ಮುಂದೆ ಕೂತು ಕಾಫಿಗೆ ಅದ್ದಿ ತಿನ್ನುವ ತಿನಿಸಾಗಿತ್ತು ಅದು. ಸಕ್ಕರೆಯ ಪೊರೆಗೆ ಕಾಫಿಯ ಕಹಿ ಜೊತೆಯಾಗಿತ್ತು. ನಾನು ಇವತ್ತು ಹೇಳಬೇಕೆಂದಿರುವುದು ಈ ಜೊತೆಯ ವಿಷಯವನ್ನೇ. ಸಿಹಿಗೆ ಒಂದು ಕಹಿಯೋ ಹುಳಿಯೋ ಉಪ್ಪೋ, ಕೊನೆಗೆ ಒಂದಿಷ್ಟು ಸಪ್ಪೆಯೋ ಜೊತೆಗಿರಬೇಕು. ಒಂಟಿಯಾಗಿ ಬಂದ ಸಿಹಿಯನ್ನು ನಾಲಿಗೆ ಎರಡೇ ತುತ್ತಿನಲ್ಲಿ ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಒಂದೇ ರುಚಿ ಬಿಡದೆ ಬಂದರೆ ಅದು ಮಂಕಾಗುವುದು ನಾಲಿಗೆಯ ಸ್ವಭಾವ. ಮಂಕಾದ ಮೇಲೆ ಇನ್ನಷ್ಟು ಸಕ್ಕರೆ ಸುರಿದು ಪ್ರಯೋಜನವಿಲ್ಲ.

ಅಲಂಕಾರದ ಸ್ಪರ್ಧೆ ಎಲ್ಲಿಂದ ಬಂತು? ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ 2003ರಲ್ಲಿ ತೆರೆದ ವೂಡೂ ಡೋನಟ್ ಎಂಬ ಅಂಗಡಿಗೆ ಇದರಲ್ಲಿ ದೊಡ್ಡ ಪಾಲಿದೆ. ಬೆಳಗಿನ ತಿಂಡಿಯ ಬಣ್ಣದ ಸೀರಿಯಲ್, ಬಬಲ್ ಗಮ್, ಹಂದಿ ಮಾಂಸದ ಪಟ್ಟಿ, ಏನು ಬೇಕಾದರೂ ಅಲ್ಲಿ ಡೋನಟ್ ಮೇಲೆ ಏರಿತು. ಕೆಮ್ಮು-ನೆಗಡಿಯ ಔಷಧವನ್ನೂ ಹಾಕಿ ಮಾರಲು ಹೋದಾಗ ಆರೋಗ್ಯ ಇಲಾಖೆಯವರು ಬಂದು ತಡೆದರು. ಆಮೇಲೆ 2010ರಲ್ಲಿ ಇನ್‌ಸ್ಟಾಗ್ರಾಂ ಬಂತು, ಕೈಗೆ ಕ್ಯಾಮೆರಾ ಬಂತು. 2013ರಲ್ಲಿ ನ್ಯೂಯಾರ್ಕಿನಲ್ಲಿ ಡೊಮಿನಿಕ್ ಆನ್ಸೆಲ್ ಎಂಬ ಫ್ರೆಂಚ್ ಬೇಕರ್ ಕ್ರೊಸಾಂಟ್‌ನ ಪದರ ಹಿಟ್ಟನ್ನು ಡೋನಟ್‌ನಂತೆ ಕರಿದು ಕ್ರೊನಟ್ ಮಾಡಿದಾಗ ಜನ ನಸುಕಿನಲ್ಲೇ ಸಾಲು ನಿಂತರು. ಆತನ ಪರವಾಗಿ ಒಂದು ಮಾತು ಹೇಳಬೇಕು. ಆತನ ಶ್ರಮವೆಲ್ಲ ಹಿಟ್ಟಿನಲ್ಲಿತ್ತು. ಬೆಣ್ಣೆಯ ಪದರಗಳು ಎಣ್ಣೆಯಲ್ಲಿ ಬಿಚ್ಚಿಹೋಗದಂತೆ ಮಡಿಸಿ ಕರಿಯುವುದು ಕಸುಬು ಬಲ್ಲವನ ಕೆಲಸ. ಅದನ್ನು ನೋಡಿ ಹಿಂದೆ ಬಂದವರು ಹಿಟ್ಟನ್ನು ಬಿಟ್ಟು ಸಾಲನ್ನಷ್ಟೇ ಕಂಡರು. 2015ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಿಂದ ಫ್ರೀಕ್ ಶೇಕ್ ಹೊರಟಿತು. ಮಿಲ್ಕ್ ಶೇಕ್ ಬಾಟಲಿಯ ಮೇಲೆ ಕ್ರೀಮು, ಬಿಸ್ಕತ್ತು, ಸಾಸ್‌ಗಳ ಗುಡ್ಡ. ಇಡೀ ಡೋನಟ್ಟನ್ನೇ ತಲೆಯ ಮೇಲೆ ಕೂರಿಸಿಕೊಂಡ ಶೇಕ್‌ಗಳನ್ನು ಬೆಂಗಳೂರಿನ ಕೆಫೆಗಳೂ ಮಾರಿದವು.

ದೊಡ್ಡ ಅಮೆರಿಕನ್ ಸರಪಳಿಗಳು ನಮ್ಮ ದೇಶಕ್ಕೆ ಬಂದದ್ದು 2012-13ರಲ್ಲಿ. ಅವು ಬಂದಾಗ ಹಿಂದಿನ ಕೌಂಟರ್, ಕಹಿ ಕಾಫಿ, ಬೆಳಗಿನ ಜಾವದ ಗಿರಾಕಿ ಯಾರೂ ಜೊತೆಗೆ ಬರಲಿಲ್ಲ. ನಮಗೆ ಸಿಕ್ಕಿದ್ದು ಡೋನಟ್‌ನ ಕೊನೆಯ ಅವತಾರ, ಸಿಂಗರಿಸಿಕೊಂಡು ಪೆಟ್ಟಿಗೆಯಲ್ಲಿ ಕೂತದ್ದು. ಪಕ್ಕದಲ್ಲಿ ಕೊಡುವ ಕಾಫಿಯೂ ಕ್ರೀಮು, ಸಿರಪ್ ಹಾಕಿದ್ದು. ಹೀಗೆ ಸಿಹಿ ಒಂಟಿಯಾಯಿತು.

ನಮ್ಮ ಬೇಕರಿಯ ಪೇಸ್ಟ್ರಿಯ ಕತೆ ಇದಕ್ಕಿಂತ ಹಳೆಯದು, ನನಗೆ ಹೆಚ್ಚು ನೋವಿನದು. ಬ್ಲ್ಯಾಕ್ ಫಾರೆಸ್ಟ್ ಕೇಕನ್ನೇ ತೆಗೆದುಕೊಳ್ಳಿ. ಊರೂರಿನ ಬೇಕರಿಯಲ್ಲೂ ಸಿಗುತ್ತದೆ. ಜರ್ಮನಿಯಲ್ಲಿ ಇದನ್ನು ಮಾಡುವವರು ಕೋಕೋದ ಕಹಿ ಇರುವ ಸ್ಪಂಜು, ಹುಳಿ ಚೆರಿ, ಚೆರಿಯಿಂದಲೇ ಇಳಿಸಿದ ಖಡಕ್ ಮದ್ಯ, ಹಾಲಿನ ಕೆನೆ ಬಳಸುತ್ತಾರೆ. ಕಹಿ, ಹುಳಿ, ಖಾರದಂಥ ಬಿಸಿ, ಅವುಗಳ ನಡುವೆ ಸಿಹಿ. ನಮ್ಮಲ್ಲಿಗೆ ಬಂದಾಗ ಮದ್ಯ ಬಿಟ್ಟುಹೋಯಿತು, ಅದು ಸಹಜ. ಕಹಿ ಕೋಕೋ ಕಡಿಮೆಯಾಯಿತು. ಚೆರಿಯ ಜಾಗಕ್ಕೆ ಬಂದದ್ದು ಯಾವುದು ಗೊತ್ತೆ? ನಮ್ಮದೇ ಕುರುಚಲು ಕಾಡಿನ ಕವಳೆ ಹಣ್ಣು. ಕರಾವಳಿಯಲ್ಲಿ ಕರಂಡೆ ಎನ್ನುತ್ತಾರೆ. ಮುಳ್ಳಿನ ಗಿಡ, ಮುರಿದರೆ ಬಿಳಿ ಹಾಲು, ಕಾಯಿ ಕಚ್ಚಿದರೆ ಹಲ್ಲು ಜುಮ್ಮೆನ್ನುವ ಹುಳಿ. ಬೇಸಿಗೆ ಬಂತೆಂದರೆ ಉಪ್ಪಿನಕಾಯಿಗೆ ಬುಟ್ಟಿಗಟ್ಟಲೆ ಮನೆಗೆ ಬರುತ್ತಿತ್ತು. ಬೇಕರಿಗೆ ಸರಬರಾಜು ಮಾಡುವವರು ಈ ಕಾಯಿಯ ಬೀಜ ತೆಗೆದು, ಮೂಲ ಬಣ್ಣ ಹೋಗಿಸಿ, ಕೆಂಪು ಬಣ್ಣ ಹಾಕಿದ ಸಕ್ಕರೆ ಪಾಕದಲ್ಲಿ ಮತ್ತೆ ಮತ್ತೆ ಕುದಿಸುತ್ತಾರೆ. ಹುಳಿಯೆಲ್ಲ ಹೋಗಿ ಪಾಕವೇ ತುಂಬಿದ ಮೇಲೆ ಅದು ಚೆರಿ ಎಂಬ ಹೆಸರಿನಲ್ಲಿ ಕೇಕಿನ ತುದಿಗೆ ಏರುತ್ತದೆ. ಹುಳಿ ಹಣ್ಣಿನ ಬದಲು ನಮ್ಮ ಇನ್ನೊಂದು ಹುಳಿ ಹಣ್ಣೇ ಬಂದಿದ್ದರೂ, ಹುಳಿಯನ್ನೇ ತೆಗೆದು ಕೂರಿಸಿದ್ದೇವೆ. ಇಷ್ಟು ಒಳ್ಳೆಯ ಹಣ್ಣಿಗೆ ಹೀಗಾಗಬಾರದಿತ್ತು.

ರೆಡ್ ವೆಲ್ವೆಟ್ ಕೇಕಿನದೂ ಇದೇ ಪಾಡು. ಮಜ್ಜಿಗೆ ಮತ್ತು ವಿನೆಗರ್ ಹಾಕಿ ಮಾಡುವ, ಹುಳಿ ಚೀಸಿನ ಲೇಪವಿರುವ ಕೇಕು ಅದು. ಆ ಹುಳಿಯನ್ನು ಬಿಟ್ಟು ಕೆಂಪನ್ನಷ್ಟೇ ಉಳಿಸಿಕೊಂಡಿದ್ದೇವೆ. ಆ ಕೆಂಪು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ 2024ರಲ್ಲಿ ಎದ್ದಿತು. ಆ ವರ್ಷದ ಮಾರ್ಚಿನಲ್ಲಿ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಮೇಲೆ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ ಕೇಕಿನ 235 ಮಾದರಿ ತಂದು ಪರೀಕ್ಷಿಸಿದಾಗ 12 ಮಾದರಿಗಳು ಕೃತಕ ಬಣ್ಣದ ಕಾರಣಕ್ಕೆ ಅಸುರಕ್ಷಿತವೆಂದು ಕಂಡುಬಂದವು. 223 ಮಾದರಿಗಳು ಸರಿಯಾಗಿದ್ದವು ಎಂಬುದನ್ನೂ ಹೇಳಬೇಕು, ಬೇಕರಿಯವರೆಲ್ಲರನ್ನೂ ಅನುಮಾನಿಸುವುದು ನ್ಯಾಯವಲ್ಲ. ಆದರೆ ಎಚ್ಚರಿಕೆ ಕೊಡುವಾಗ ಇಲಾಖೆ ಮುಖ್ಯವಾಗಿ ಹೆಸರಿಸಿದ್ದು ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟನ್ನೇ. ಹುಳಿ ಕಳೆದುಕೊಂಡು ಬಣ್ಣ ಪಡೆದ ಎರಡು ಕೇಕುಗಳು.

ಪೇಸ್ಟ್ರಿಗೆ ಇಷ್ಟೊಂದು ಸಕ್ಕರೆ ಬೀಳುವುದಕ್ಕೆ ಫ್ರಿಜ್ ಕೂಡ ಒಂದು ಕಾರಣ. ತಣ್ಣಗಿರುವ ತಿನಿಸಿನ ಸಿಹಿ ನಾಲಿಗೆಗೆ ಕಡಿಮೆ ತಿಳಿಯುತ್ತದೆ. ಕರಗಿದ ಐಸ್‌ಕ್ರೀಮ್ ಕುಡಿದು ನೋಡಿ, ಗಟ್ಟಿಯಿದ್ದಾಗಿನದಕ್ಕಿಂತ ಎಷ್ಟೋ ಸಿಹಿ ಎನಿಸುತ್ತದೆ. ಬೇಕರಿಯವರು ಕೂಲ್ ಕೇಕ್ ಎಂದು ಕರೆಯುವುದನ್ನು ಇಡೀ ದಿನ ತಣ್ಣನೆಯ ಕಪಾಟಿನಲ್ಲಿ ಇಡಬೇಕಾದ್ದರಿಂದ, ಆ ತಂಪಿನಲ್ಲೂ ಸಿಹಿ ತಿಳಿಯುವಷ್ಟು ಸಕ್ಕರೆ ಹಾಕುತ್ತಾರೆ. ಮನೆಗೆ ತಂದು ಹೊರಗಿಟ್ಟು, ಅತಿಥಿಗಳು ಬಂದ ಮೇಲೆ ತಿಂದಾಗ ಮುಖ ಹೊಡೆಯುವುದು ಅದಕ್ಕೇ. ಕ್ರೀಮಿನ ಹೂವು, ಬಳ್ಳಿ, ಗೋಪುರ ನಿಲ್ಲಬೇಕಾದರೆ ಹಾಲಿನ ಕೆನೆಯಿಂದ ಆಗುವುದಿಲ್ಲ, ನಮ್ಮ ಸೆಕೆಗೆ ಅದು ಇಳಿದುಹೋಗುತ್ತದೆ. ಅದಕ್ಕೆಂದು ಸಸ್ಯಜನ್ಯ ಕೊಬ್ಬಿನ ಕ್ರೀಮು ಬಂತು. ಕಾರ್ಖಾನೆಯ ಕೊಬ್ಬಿನಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಶೇಕಡಾ 2ಕ್ಕಿಂತ ಹೆಚ್ಚಿರಬಾರದೆಂದು 2022ರ ಜನವರಿಯಿಂದ ದೇಶದಲ್ಲಿ ಕಾನೂನು ಬಿಗಿಯಾಗಿದೆ. ಅದು ಒಳ್ಳೆಯದಾಯಿತು. ಆದರೆ ಆ ಕ್ರೀಮಿಗೆ ತನ್ನದೆಂಬ ರುಚಿಯಿಲ್ಲ. ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ಬೇಗ ಕರಗುವುದಿಲ್ಲ. ರುಚಿ ಇಲ್ಲದ್ದಕ್ಕೆ ರುಚಿ ಕೊಡಲು ಎಸೆನ್ಸು, ಸಕ್ಕರೆ. ಆಕಾರ ನಿಲ್ಲಲೆಂದು ಹೊರಟದ್ದು ಎಲ್ಲಿಗೆ ಬಂದು ಮುಟ್ಟಿತು ನೋಡಿ.

ಆರೋಗ್ಯದ ಮಾತು ಹೆಚ್ಚು ಆಡುವುದಿಲ್ಲ, ಅದನ್ನು ಹೇಳುವ ವೈದ್ಯರು ಇದೇ ಆಕಾಶವಾಣಿಯಲ್ಲಿ ಬರುತ್ತಾರೆ. ಒಂದು ಲೆಕ್ಕ ಮಾತ್ರ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ತೆಳು ಪೊರೆಯ ಸಾದಾ ಡೋನಟ್‌ನಲ್ಲಿ ಸುಮಾರು 10 ಗ್ರಾಂ ಸಕ್ಕರೆ. ಒಳಗೆ ತುಂಬಿಸಿ ಮೇಲೆ ಮೆತ್ತಿದ್ದರಲ್ಲಿ ಇದರ ಎರಡರಷ್ಟು ಸಾಮಾನ್ಯ.

ನಿಮ್ಮಲ್ಲಿ ಕೆಲವರು ಕೇಳಬಹುದು, ನಮ್ಮ ಮೈಸೂರು ಪಾಕ್ ಏನು ಕಡಿಮೆ ಸಿಹಿಯೇ ಎಂದು. ಸರಿಯಾದ ಪ್ರಶ್ನೆ. ಮೈಸೂರು ಪಾಕ್‌ನಲ್ಲಿ ಸಕ್ಕರೆಗೆ ಕೆಲಸವಿದೆ. ಪಾಕ ಎಳೆ ಬಂದ ಹೊತ್ತಿಗೆ ಕಡಲೆಹಿಟ್ಟು ಬೀಳಬೇಕು, ಕುದಿಯುವ ತುಪ್ಪ ಸುರಿದಾಗ ಹಿಟ್ಟು ಗೂಡುಗೂಡಾಗಿ ಉಬ್ಬಬೇಕು, ಆ ಗೂಡನ್ನು ಹಿಡಿದು ನಿಲ್ಲಿಸುವುದು ಪಾಕ. ಸಕ್ಕರೆ ಕಡಿಮೆ ಮಾಡಿದರೆ ಅದು ಮೈಸೂರು ಪಾಕೇ ಆಗುವುದಿಲ್ಲ. ಜೊತೆಗೆ ಹುರಿದ ಕಡಲೆಹಿಟ್ಟಿನ ಘಮ, ನಡುವೆ ಕಂದಿದ ಭಾಗದ ಸಣ್ಣ ಕಹಿ. ತಿನ್ನುವುದೂ ಒಂದು ತುಂಡು. ಹಾಗೆಂದು ನಮ್ಮವರು ಎಲ್ಲ ಸಿಹಿಯನ್ನೂ ಹದವಾಗಿ ಮಾಡುತ್ತಾರೆಂದು ನಾನು ಹೇಳಲಾರೆ. ಮದುವೆ ಮನೆಗಳ ಐದಾರು ಬಗೆಯ ಸಿಹಿಯ ಸಾಲಿಗೂ ಈ ರೋಗ ತಗಲಿದೆ.

ಅಲಂಕಾರವೇ ಬೇಡ ಎಂದೂ ನನ್ನ ವಾದವಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೋಡಿ. ಪಾಕವನ್ನು ಹಾಲು, ನಿಂಬೆರಸ ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಕಾಯಿಸಿ ತಿರುವಿ, ನೀರಲ್ಲಿ ನೆನೆದ ಮರದ ಅಚ್ಚಿಗೆ ಸುರಿಯುತ್ತಾರೆ. ಆರಿದ ಮೇಲೆ ಅಚ್ಚು ಬಿಚ್ಚಿದರೆ ಆನೆ, ನವಿಲು, ತುಳಸಿ ಕಟ್ಟೆ, ಗೋಪುರ. ಅಪ್ಪಟ ಸಕ್ಕರೆ, ಅಪ್ಪಟ ಅಲಂಕಾರ. ಅದನ್ನು ಯಾರೂ ಊಟದಂತೆ ತಿನ್ನುವುದಿಲ್ಲ. ತಟ್ಟೆಯಲ್ಲಿ ಅದರ ಪಕ್ಕದಲ್ಲಿ ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಇರುತ್ತವೆ. ಮಗು ಆನೆಯ ಸೊಂಡಿಲು ಮುರಿದು ಬಾಯಿಗಿಟ್ಟು, ಮಿಕ್ಕದ್ದನ್ನು ಎಷ್ಟೋ ದಿನ ಜೋಪಾನ ಮಾಡುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಬೆಂಗಳೂರಿನಲ್ಲಿ ನಡೆಯುವ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯಿಂದ ಕಟ್ಟಿದ ಅರಮನೆ, ಚರ್ಚುಗಳನ್ನು ನೋಡಲು ಜನ ಟಿಕೆಟ್ ತೆಗೆದು ಹೋಗುತ್ತಾರೆ. ಅದು ಶಿಲ್ಪ. ನೋಡಲಿಕ್ಕೆಂದೇ ಮಾಡಿದ್ದನ್ನು ನೋಡಿ ಸಂತೋಷಪಡೋಣ. ತಿನ್ನಲಿಕ್ಕೆಂದು ಮಾಡಿದ್ದನ್ನು ನೋಡಲಿಕ್ಕೆ ಮಾತ್ರ ಮಾಡುತ್ತಿದ್ದಾರಲ್ಲ, ನನ್ನ ತಕರಾರು ಅದಕ್ಕೆ.

ಸಿಹಿಹಿಟ್ಟು ಕರಿಯುವುದು ಹೇಗೆಂದು ನಮಗೆ ತಿಳಿಯದೆ ಏನಿಲ್ಲ. ಮಂಗಳೂರು ಬನ್ಸ್ ಇದೆಯಲ್ಲ! ಕಳಿತ ಬಾಳೆಹಣ್ಣು ಕಿವುಚಿ, ಮೊಸರು, ಜೀರಿಗೆ, ಉಪ್ಪು, ಒಂದಿಷ್ಟು ಸಕ್ಕರೆ, ಮೈದಾ ಸೇರಿಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಡುತ್ತಾರೆ. ಉಡುಪಿಯ ಹೋಟೆಲಿನಲ್ಲಿ ಅದರ ಜೊತೆ ಖಾರದ ಕಾಯಿಚಟ್ನಿ, ಸಾಂಬಾರು ಕೊಡುತ್ತಾರೆ. ಬಾಳೆಹಣ್ಣಿನ ಸಿಹಿ, ಮೊಸರಿನ ಹುಳಿ, ಜೀರಿಗೆಯ ಘಮ, ಚಟ್ನಿಯ ಖಾರ. ಎರಡು ತಿಂದು ಮೂರನೆಯದಕ್ಕೆ ಕೈ ಹೋಗುತ್ತದೆ. ಮೇಲೆ ಏನನ್ನೂ ಬಳಿಯಬೇಕಿಲ್ಲ.

ಬೇಕರಿಯವರಿಗೆ, ಅದರಲ್ಲೂ ಹೊಸದಾಗಿ ಈ ಕಸುಬಿಗೆ ಬಂದಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೇಳಿಕೆ. ಕವಳೆ ಹಣ್ಣನ್ನು ಹುಳಿ ಉಳಿಸಿಕೊಂಡೇ ಜಾಮ್ ಮಾಡಿ ಚಾಕೊಲೇಟ್ ಸ್ಪಂಜಿನ ನಡುವೆ ಹರಡಿ ನೋಡಿ. ಚಿಕ್ಕಮಗಳೂರಿನ ಕಾಫಿಯ ಗಟ್ಟಿ ಡಿಕಾಕ್ಷನ್ನಿಗೆ ಪುಡಿಸಕ್ಕರೆ ಕಲಸಿ ಡೋನಟ್ ಅದ್ದಿ, ಕಹಿ ಜೊತೆಗೇ ಬರುತ್ತದೆ. ಗುಲಾಬಿ ಬಣ್ಣ ಬೇಕೇ ಬೇಕೆನ್ನುವ ಗಿರಾಕಿಗೆ ಮಲೆನಾಡಿನ ಮುರುಗಲು ಹಣ್ಣಿನ ರಸ ಇದೆ. ಒಣ ಸಿಪ್ಪೆಯನ್ನು ಬಿಸಿ ನೀರಲ್ಲಿ ನೆನೆಹಾಕಿ ಹಿಂಡಿ, ಆ ರಸದಲ್ಲೇ ಪುಡಿಸಕ್ಕರೆ ಕಲಸಿದರೆ ಕೆಂಪು ಬಣ್ಣ ತಾನಾಗಿ ಬರುತ್ತದೆ, ಬಾಟಲಿಯ ಬಣ್ಣ ಬೇಡ. ಹುಳಿಯೂ ಅದರಲ್ಲೇ ಇದೆ. ತೆಳ್ಳಗೆ ಬಳಿಯಿರಿ, ಸೊಂಟದ ಬಿಳಿ ಪಟ್ಟಿ ಕಾಣುವಷ್ಟು ಜಾಗ ಬಿಡಿ. ಬೆಲೆ ಇನ್ನೂ ಹತ್ತು ರೂಪಾಯಿ ಹೆಚ್ಚಿಟ್ಟರೂ ಕೊಂಡು ತಿನ್ನುವವರಲ್ಲಿ ನಾನೊಬ್ಬ.